ಎತ್ತರಕ್ಕೆ ತೂರಿದಷ್ಟೂ ಅದೃಷ್ಟ

ಚೀನೀ ಹೊಸವರ್ಷದ ಏಳನೆಯ ದಿನ, ಅತ್ತೆ ಮಾವ ಮಕ್ಕಳ ಸಮೇತ ಸಿಂಗಪುರದ ಚೈನಾಟೌನ್‌ನ ಸಸ್ಯಾಹಾರಿ ಹೋಟೆಲೊಂದಕ್ಕೆ ಹೋಗಿದ್ದೆವು. ಹೋಗುವುದಾದರೆ ಯೂಶೆಂಗ್ ಎಂಬ ಹಬ್ಬದ ಸಲಾಡ್ ತಟ್ಟೆಗಾಗಿಯೇ ಹೋಗಬೇಕು: ಎಳೆ ಎಳೆಯಾಗಿ ಹೆಚ್ಚಿದ ಮೂಲಂಗಿ, ಕ್ಯಾರೆಟ್, ಚಕ್ಕೋತದ ತೊಳೆ, ಹುರಿದ ಎಳ್ಳು, ಕಡಲೆಕಾಯಿ ಪುಡಿ, ಮೇಲೆ ಪ್ಲಮ್ ಸಾಸ್. ಸಾಮಾನ್ಯವಾಗಿ ಹಾಕುವ ಹಸಿ ಮೀನಿನ ಜಾಗದಲ್ಲಿ ಇಲ್ಲಿ ಸೋಯಾ ತುಂಡು. ಬಡಿಸುವಾಕೆ ಒಂದೊಂದನ್ನು ಹಾಕುವಾಗಲೂ ಒಂದೊಂದು ಶುಭನುಡಿ ಹೇಳಿದರು. ಆಮೇಲೆ ಎಲ್ಲರೂ ಎದ್ದು ನಿಂತು ‘ಲೋ ಹೇ’ (ಮೇಲಕ್ಕೆ ತೂರು) ಎಂದು ಕೂಗುತ್ತ ಅದನ್ನು ಚಾಪ್‌ಸ್ಟಿಕ್‌ನಲ್ಲಿ ಮೇಲಕ್ಕೆ ತೂರಬೇಕು. ಎಂಜಲು, ಮಡಿ ಎನ್ನುವ ನಮ್ಮ ಅತ್ತೆಯೇ ಎಲ್ಲರಿಗಿಂತ ಎತ್ತರಕ್ಕೆ ತೂರಿದರು. ಮಾವನವರ ಕನ್ನಡಕಕ್ಕೆ ಮೂಲಂಗಿ ಅಂಟಿತು. ಹುಳಿ, ಸಿಹಿ, ಗರಿಗರಿ, ಮೂರೂ ಹದವಾಗಿದ್ದವು. ನಂತರ ಬಂದ ನೂಡಲ್ಸ್ ಸಪ್ಪೆ, ಹಬ್ಬದ ದರ ಮಾತ್ರ ಖಾರ. ಮೊದಲೇ ಕಾಯ್ದಿರಿಸಿದ್ದರೂ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಚಿಕ್ಕ ತಟ್ಟೆಯನ್ನೇ ಹೇಳಿ, ನಾಲ್ವರಿಗೆ ಧಾರಾಳ.