ಶಕ್ತಿ ಯೋಜನೆಯ ಶೂನ್ಯ ಟಿಕೆಟ್: ಬಿಡಿಸಿದ ಗಂಟು, ಉಳಿದ ಗಂಟು

ಬಸ್ ಮಾರ್ಗ ಹಾಕುವವರ ಲೆಕ್ಕದಲ್ಲಿ ಬಹುಕಾಲ ಇದ್ದದ್ದು ಬೆಳಿಗ್ಗೆ ಆಫೀಸಿಗೆ, ಸಂಜೆ ಮನೆಗೆ ಹೋಗುವ ಗಂಡಸು. ಹೆಂಗಸರ ಓಡಾಟ ಹಾಗಿರುವುದಿಲ್ಲ. ಮಗುವನ್ನು ಅಂಗನವಾಡಿಗೆ ಬಿಟ್ಟು ಕೆಲಸಕ್ಕೆ, ಅಲ್ಲಿಂದ ರೇಷನ್ ಅಂಗಡಿಗೆ, ಬರುವಾಗ ಅತ್ತೆಯ ಔಷಧಿಗೆ ಎಂದು ಒಂದೇ ದಿನ ನಾಲ್ಕೈದು ಸಣ್ಣ ಪ್ರಯಾಣ. ನಮ್ಮ ಬಸ್ ದರ ಸ್ಟೇಜ್ ಲೆಕ್ಕದ್ದು. ಪ್ರತಿ ಸಲ ಹತ್ತಿದಾಗಲೂ ಕನಿಷ್ಠ ದರದಿಂದ ಎಣಿಕೆ ಶುರು. ಹಾಗಾಗಿ ಒಂದೇ ಬಸ್ಸಲ್ಲಿ ನೇರ ಹೋಗುವವನಿಗಿಂತ, ಅಷ್ಟೇ ದೂರವನ್ನು ಇಳಿದು ಹತ್ತಿ ಮುಗಿಸುವವಳು ಹೆಚ್ಚು ತೆರುತ್ತಿದ್ದಳು. ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಆ ಬಸ್ಸುಗಳಲ್ಲಿ ಈ ಗಂಟನ್ನು ಬಿಡಿಸಿತು. ಉಚಿತ ಎನ್ನುವುದಕ್ಕಿಂತ, ನಡುವೆ ಇಳಿದರೆ ದಂಡವಿಲ್ಲ ಎನ್ನುವುದೇ ಇದರ ದೊಡ್ಡ ಗುಣ.

ಬಳಸುವುದು ಸುಲಭ. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಮತದಾರರ ಚೀಟಿಯಂಥ ಗುರುತಿನ ಚೀಟಿ ತೋರಿಸಿ, ಕಂಡಕ್ಟರಿಂದ ದರ ಸೊನ್ನೆ ಎಂದಿರುವ ಶೂನ್ಯ ಟಿಕೆಟ್ ಪಡೆಯಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯ. ರಾಜಹಂಸ, ಐರಾವತ, ವಜ್ರ, ಸ್ಲೀಪರ್ ಬಸ್ಸುಗಳಿಗೆ ಇಲ್ಲ. ದುಡ್ಡಿಲ್ಲವಲ್ಲ, ಚೀಟಿ ಯಾಕೆ ಎಂದು ಸುಮ್ಮನೆ ಕೂರಬೇಡಿ. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ. ಟಿಕೆಟ್ ಯಂತ್ರದಲ್ಲಿ ಹತ್ತಿದ ಸ್ಟೇಜ್, ಇಳಿಯುವ ಸ್ಟೇಜ್, ಹೊತ್ತು ಮೂರೂ ದಾಖಲಾಗುತ್ತವೆ. ಹೆಂಗಸರು ಎಲ್ಲಿಂದ ಎಲ್ಲಿಗೆ, ಯಾವಾಗ ಹೋಗುತ್ತಾರೆಂದು ಗಂಡಸರ ಲೆಕ್ಕದೊಳಗೆ ಬೆರೆಯದೆ ತಿಳಿಯುವ ದಾಖಲೆ ಇದು. ನೂಕುನುಗ್ಗಲಲ್ಲಿ ಇಳಿಯುವ ಸ್ಟೇಜನ್ನು ಅಂದಾಜಿಗೆ ಒತ್ತಿದರೆ ಈ ಚಿನ್ನದಂಥ ಮಾಹಿತಿ ಕೆಡುತ್ತದೆ. ಇಳಿಯುವ ಊರನ್ನು ಸರಿಯಾಗಿ ಹೇಳಿ.

ವಿಳಾಸದ ಷರತ್ತು ಮಾತ್ರ ನೋವು ತರುವಂಥದ್ದು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡ್‌ಗಳಿಂದ ಬಂದು ದುಡಿಯುವ ಹುಡುಗಿಯರ ಆಧಾರ್ ಊರಿನದು. ಅವರು ಪೂರ್ತಿ ದರ ಕೊಡುತ್ತಾರೆ.

ಇನ್ನು ಬಸ್ಸಿನ ಬಾಗಿಲು. ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿ.ಮೀ. ಎತ್ತರ, ತಗ್ಗು ನೆಲದ ಬಸ್ಸಿನದು 400. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಇದ್ದಾಗ ಒಂದು ಕೈಯಲ್ಲಿ ಕಂಬಿ ಹಿಡಿಯಬೇಕು, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಬೇಕು. ಚೀಲ ಮೊಣಕೈಗೆ ಜಾರುತ್ತದೆ. ಬಸ್ಸು ಫುಟ್‌ಪಾತಿಗೆ ಒತ್ತಿ ನಿಂತರೆ ಫುಟ್‌ಪಾತಿನ ಸುಮಾರು 150 ಮಿ.ಮೀ. ಎತ್ತರದಷ್ಟು ಮೊದಲ ಮೆಟ್ಟಿಲು ತಗ್ಗುತ್ತದೆ. ನಡುರಸ್ತೆಯಲ್ಲಿ ನಿಂತರೆ ಆ ಅನುಕೂಲ ಹೋಯಿತು, ಪಕ್ಕದಲ್ಲಿ ನುಗ್ಗುವ ಬೈಕಿನ ಭಯ ಬೇರೆ. ಆಟೋ, ಕಾರುಗಳು ತಂಗುದಾಣದ ಮುಂದೆ ನಿಲ್ಲದಂತೆ ನೋಡಿಕೊಂಡರೆ ಸಾಕು, ಇದು ದುಡ್ಡಿಲ್ಲದೆ ಸರಿಹೋಗುವ ಕೆಲಸ.

ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲಲಿಲ್ಲ ಎಂಬ ದೂರಿಗೆ ಚಾಲಕರ ಮೇಲೆ ಸಿಟ್ಟಾದರೆ ಪ್ರಯೋಜನವಿಲ್ಲ. ಹತ್ತುವ ಜನ ಹೆಚ್ಚಾದರೆ ಪ್ರತಿ ನಿಲ್ದಾಣದಲ್ಲಿ ನಿಲ್ಲುವ ಹೊತ್ತೂ ಹೆಚ್ಚುತ್ತದೆ. ಟ್ರಿಪ್ಪಿಗೆ ಕೊಟ್ಟ ಸಮಯ ಹಳೆಯದೇ ಇದ್ದರೆ ಆದ ತಡವನ್ನು ಎಲ್ಲೋ ಸರಿದೂಗಿಸಬೇಕು, ಆಗ ತಪ್ಪುವುದು ಸಣ್ಣ ನಿಲ್ದಾಣ. ಓಟದ ಸಮಯ ಪರಿಷ್ಕರಿಸಿ, ಬೆಳಿಗ್ಗೆ 11ರಿಂದ 4ರ ನಡುವೆ ಬಸ್ಸು ಕಡಿಮೆ ಮಾಡುವ ರೂಢಿ ಬಿಡಬೇಕು. ಹೆಂಗಸರ ಸಣ್ಣ ಓಡಾಟ ಹೆಚ್ಚಿರುವ ಹೊತ್ತು ಅದು.

ತಂಗುದಾಣಗಳ ಬಗ್ಗೆ ಒಂದೇ ಮಾತು: ಬಸ್ಸು ಬರುವ ಕಡೆಯ ಪಕ್ಕದ ಗೋಡೆಗೆ ಜಾಹೀರಾತು ಬೇಡ. ಅದು ಬಸ್ಸನ್ನೂ ಮರೆ ಮಾಡುತ್ತದೆ, ಒಳಗೆ ಕೂತವಳನ್ನೂ. ದೀಪ ಜಾಹೀರಾತಿನ ಮೇಲಲ್ಲ, ಕೂತವರ ಮುಖದ ಮೇಲೆ ಬೀಳಬೇಕು. ಪಕ್ಕದಲ್ಲೊಂದು ಹೂವಿನ ಅಂಗಡಿ ರಾತ್ರಿ 9ರವರೆಗೆ ತೆರೆದಿದ್ದರೆ ಕ್ಯಾಮೆರಾಕ್ಕಿಂತ ಹೆಚ್ಚು ಧೈರ್ಯ. ಬೀದಿ ವ್ಯಾಪಾರಿಗಳನ್ನು ಅಲ್ಲಿಂದ ಎಬ್ಬಿಸುವವರು ಇದನ್ನು ಯೋಚಿಸಬೇಕು.

ಕರಾವಳಿಯಲ್ಲಿ ಈ ಸೇವೆಗೆ ಅಂಕ ಕೊಡುವುದೇ ಕಷ್ಟ. ಮಂಗಳೂರು ನಗರದೊಳಗಿನ ಮತ್ತು ಉಡುಪಿಯ ಬಹುತೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಶೂನ್ಯ ಟಿಕೆಟ್ ಇಲ್ಲ. ಮೀನಿನ ಬುಟ್ಟಿ ಹೊತ್ತು ನಾಲ್ಕು ಊರು ಸುತ್ತುವವಳು ಇಂದಿಗೂ ಪ್ರತಿ ಹತ್ತುವಿಕೆಗೂ ಚಿಲ್ಲರೆ ಎಣಿಸುತ್ತಾಳೆ. ಹೊಸ ಮಾರ್ಗಕ್ಕೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಅರ್ಜಿ ಹಾಕುವ ಸ್ತ್ರೀಶಕ್ತಿ ಸಂಘಗಳು ಬರೀ "ಬಸ್ಸು ಬೇಕು" ಎಂದು ಬರೆಯದೆ, ಯಾವ ನಿಲ್ದಾಣ, ಎಷ್ಟು ಗಂಟೆಗೆ, ಎಷ್ಟು ಜನ ಎಂದು ಒಂದು ವಾರ ಬರೆದಿಟ್ಟ ಪಟ್ಟಿಯನ್ನು ಜೊತೆಗಿಡಲಿ.