ನಾಲ್ಕು ಬೆರಳಿನ ಮುದುಕಿ: ಕಥೆಯ ಪಾತ್ರಕ್ಕೆ ಪೆನ್ಸಿಲ್ ಸಾಕೋ, ಎಐ ಬೇಕೋ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಕಥೆಗೆ ಪಾತ್ರಗಳನ್ನು ರೂಪಿಸಬೇಕು ಅಂದರೆ ಪೆನ್ಸಿಲ್ ಹಿಡಿಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರಿಟಾ ಅನ್ನುವ ತಂತ್ರಾಂಶದಲ್ಲಿ ಬಣ್ಣ ತುಂಬಿ. ಎಐ ಚಿತ್ರ ಸೇವೆಯೊಂದಕ್ಕೆ ಚಂದಾ ಕಟ್ಟಿ, ತಲೆ ಚಚ್ಚಿಕೊಂಡು, ಕಾಗದಕ್ಕೇ ವಾಪಸ್ ಬಂದವನು ನಾನು. ಹಾಗಾಗಿ ಈ ಹೋಲಿಕೆಯಲ್ಲಿ ಪಕ್ಷಪಾತ ಇದ್ದೇ ಇದೆ.

ನನ್ನ ಕಾಮಿಕ್ಸ್‌ನ ಮುಖ್ಯ ಪಾತ್ರ ಗಡಿಯಾರ ರಿಪೇರಿ ಮಾಡುವ ಮುದುಕಿ. ಎಪ್ಪತ್ತು ದಾಟಿದ ವಯಸ್ಸು, ಮುಂದಕ್ಕೆ ಬಾಗಿದ ಕುತ್ತಿಗೆ. ಎಡಗೈಯಲ್ಲಿ ಕಿರುಬೆರಳಿಲ್ಲ. ಅದು ಹೇಗೆ ಹೋಯಿತು ಅನ್ನುವುದರ ಮೇಲೇ ಕಥೆ ನಿಂತಿದೆ.

ಎಐ ಕೊಟ್ಟ ಮೊದಲ ಚಿತ್ರ ನೋಡಿ ಬೆರಗಾದೆ, ನಿಜ. ಮುಖದ ಸುಕ್ಕು, ಮೇಜಿನ ದೀಪದ ಬೆಳಕು, ಚದುರಿ ಬಿದ್ದ ಸಣ್ಣ ಹಲ್ಲುಚಕ್ರಗಳು, ಒಂದಕ್ಕಿಂತ ಒಂದು ಚೆಂದ. ಕೈಗಳು ಮಾತ್ರ ಮೇಜಿನ ಕೆಳಗಿದ್ದವು. ಅವನ್ನು ಮೇಲೆ ತರಿಸಿದಾಗ ತಾಪತ್ರಯ ಶುರುವಾಯಿತು. ಐದು ಬೆರಳು! 'ಎಡಗೈಯಲ್ಲಿ ನಾಲ್ಕೇ ಬೆರಳು' ಅಂತ ಬರೆದೆ, ಮತ್ತೆ ಐದು. 'ಕಿರುಬೆರಳು ಇಲ್ಲ' ಅಂತ ಬರೆದೆ, ಕಿರುಬೆರಳಿಗೆ ಒಂದು ಉಂಗುರವೂ ಸೇರಿಕೊಂಡಿತು. ಇಂಥ ಯಂತ್ರಗಳಿಗೆ 'ಇಲ್ಲ' ಅನ್ನುವುದು ಅಷ್ಟಾಗಿ ತಲೆಗೆ ಹೋಗುವುದಿಲ್ಲ. ಹೆಸರು ಬಂದ ಮೇಲೆ ಆ ವಸ್ತು ಚಿತ್ರದಲ್ಲಿ ಬರುವುದೇ ಜಾಸ್ತಿ. ಯಂತ್ರ ಕಲಿತ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಕೈ ಅಂದರೆ ಐದು ಬೆರಳು ತಾನೇ?

ಚಿತ್ರದ ಒಂದು ಭಾಗವನ್ನಷ್ಟೇ ಬಳಿದು, ಅದನ್ನು ಮಾತ್ರ ಹೊಸದಾಗಿ ಬರೆಸುವ ಸೌಲಭ್ಯ ಇತ್ತು. ಅದರಿಂದ ಬೆರಳೇನೋ ಹೋಯಿತು. ಜೊತೆಗೆ ಬಟ್ಟೆಯ ತೋಳಿನ ಮೇಲಿದ್ದ ತೇಪೆಯೂ ಹೋಯಿತು. ತೇಪೆ ವಾಪಸ್ ತರಿಸಿದರೆ ಅದರ ಬಣ್ಣ ಬೇರೆ.

ಇಷ್ಟೆಲ್ಲ ಆಗಿ ಒಂದು ಚಿತ್ರ ಸರಿ ಬಂತು ಅಂದುಕೊಳ್ಳಿ. ಮುಂದಿನ ಚೌಕದಲ್ಲಿ ಮುದುಕಿ ಎದ್ದು ಬಾಗಿಲಿಗೆ ಹೋಗಬೇಕು. ಆಗ ಬರುವವಳು ಬೇರೆಯವಳು! ಯಂತ್ರ ಪ್ರತಿ ಚಿತ್ರವನ್ನೂ ಬರೀ ಚುಕ್ಕಿಗಳ ಗೊಂದಲದಿಂದ ಹೊಸದಾಗಿ ಕಟ್ಟುತ್ತದೆ. ಹಿಂದಿನ ಮುದುಕಿಯ ನೆನಪು ಅದಕ್ಕಿಲ್ಲ. ಆ ಚುಕ್ಕಿಗಳ ಆರಂಭವನ್ನು ನಿರ್ಧರಿಸುವ ಸೀಡ್ ಸಂಖ್ಯೆ ಅದೇ ಇಟ್ಟರೂ ವಿವರಣೆಯಲ್ಲಿ ಭಂಗಿ ಬದಲಾಯಿಸಿದ ಕೂಡಲೇ ಮೂಗು, ಗಲ್ಲ ಎಲ್ಲ ಜಾರುತ್ತವೆ. ಹಳೆಯ ಚಿತ್ರವನ್ನು ಮಾದರಿಯಾಗಿ ಕೊಟ್ಟರೆ ಸ್ವಲ್ಪ ವಾಸಿ, ಮುಖ ಹತ್ತಿರ ಹತ್ತಿರ ಬರುತ್ತದೆ. ಆದರೂ ಒಬ್ಬಳೇ ಮುದುಕಿ ಅನ್ನಿಸುವುದಿಲ್ಲ, ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಮುಖಪುಟಕ್ಕೆ ಒಂದೇ ಚಿತ್ರ ಸಾಕು ಅನ್ನುವವರಿಗೆ ಇದು ತೊಂದರೆಯೇ ಅಲ್ಲ. ಕಾಮಿಕ್ಸ್‌ನಲ್ಲಿ ಅದೇ ವ್ಯಕ್ತಿ ಪುಟಪುಟದಲ್ಲೂ ಬರಬೇಕಲ್ವಾ?

ಹಕ್ಕಿನ ವಿಷಯವೂ ಇದೆ. 2023ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಂದು ಕಾಮಿಕ್ಸ್ ಪುಸ್ತಕದ ನೋಂದಣಿಯನ್ನು ತಿದ್ದಿ, ಬರಹಕ್ಕೂ ಜೋಡಣೆಗೂ ರಕ್ಷಣೆ ಉಂಟು, ಎಐ ತಯಾರಿಸಿದ ಚಿತ್ರಗಳಿಗೆ ಇಲ್ಲ ಅಂತ ಹೇಳಿತು. ಸ್ವಂತ ಪಾತ್ರ ಅಂತ ಇಷ್ಟು ಒದ್ದಾಡುವವರು ಇದನ್ನು ಗಮನಿಸಬೇಕು.

ನಡುವಿನ ದಾರಿಯೂ ಒಂದಿದೆ, ವಿರಾಯ್ಡ್ ಸ್ಟುಡಿಯೊ ಅನ್ನುವ ತಂತ್ರಾಂಶ: ಉಚಿತ, ಪಿಕ್ಸಿವ್ ಕಂಪನಿಯದು, ಪಾತ್ರವನ್ನು ತ್ರೀಡಿ ಬೊಂಬೆಯಾಗಿ ಮಾಡಿಕೊಡುತ್ತದೆ. ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಅದೇ ಮುಖ. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಶೈಲಿಯ ಕಥೆ ಬರೆಯುವವರಿಗೆ ಹೇಳಿ ಮಾಡಿಸಿದ್ದು. ನನ್ನ ಮುದುಕಿ ಆ ಶೈಲಿಯವಳಲ್ಲ.

ಇನ್ನು ಪೆನ್ಸಿಲ್. ನನ್ನ ಕೈ ಸುಮಾರು. ಆದರೂ ಕಾಗದದ ಮೇಲೆ ಬೆರಳು ಬೇಡ ಅಂದರೆ ಬೇಡ, ಅಷ್ಟೇ. ಮೊದಲು ಹೆಬ್ಬೆರಳಿನ ಗಾತ್ರದ ಆಕಾರಗಳನ್ನು ಪೂರ್ತಿ ಕಪ್ಪು ತುಂಬಿ ಬರೆಯುತ್ತೇನೆ. ನೆರಳಲ್ಲೇ ಯಾರು ಅಂತ ಗುರುತು ಸಿಗದಿದ್ದರೆ ಆ ಪಾತ್ರ ಇನ್ನೂ ಆಗಿಲ್ಲ ಅಂತ. ಮುದುಕಿಯ ಕುತ್ತಿಗೆ ಬಾಗಿದ್ದು ಹೀಗೇ. ನೇರ ನಿಲ್ಲಿಸಿದಾಗ ಅವಳೂ ಕಥೆಯ ಇನ್ನೊಂದು ಪಾತ್ರವಾದ ಅಂಚೆಯವನೂ ಒಂದೇ ಥರ ಕಾಣುತ್ತಿದ್ದರು. ಆಮೇಲೆ ಒಂದೇ ಹಾಳೆಯಲ್ಲಿ ಅಡ್ಡಗೆರೆಗಳನ್ನು ಎಳೆದು ಮುಂದೆ, ಓರೆ, ಪಕ್ಕ, ಹಿಂದೆ ಅಂತ ನಾಲ್ಕು ನೋಟ. ಕಣ್ಣು, ಭುಜ, ಮೊಣಕಾಲು ನಾಲ್ಕರಲ್ಲೂ ಒಂದೇ ಗೆರೆಯ ಮೇಲೆ ಬರಬೇಕು. ಎತ್ತರವನ್ನು ತಲೆಯ ಲೆಕ್ಕದಲ್ಲಿ ಅಳೆಯುತ್ತೇನೆ. ದೊಡ್ಡವರು ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆಯಷ್ಟು ಇರುತ್ತಾರೆ. ಇವಳನ್ನು ಆರಕ್ಕೆ ಇಳಿಸಿದೆ, ವಯಸ್ಸು ತಾನಾಗಿಯೇ ಬಂತು.

ಕ್ರಿಟಾ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆ ನಾಲ್ಕು ನೋಟದ ಹಾಳೆಯನ್ನು ರೆಫರೆನ್ಸ್ ಚಿತ್ರವಾಗಿ ಕ್ಯಾನ್ವಾಸ್ ಪಕ್ಕದಲ್ಲೇ ಅಂಟಿಸಿಡಬಹುದು. 'ಎಂ' ಕೀ ಒತ್ತಿದರೆ ನೋಟ ಕನ್ನಡಿಯಂತೆ ತಿರುಗುತ್ತದೆ, ಓರೆಯಾದ ಕಣ್ಣು ಕೂಡಲೇ ಸಿಕ್ಕಿಬೀಳುತ್ತದೆ. ಬ್ರಷ್‌ಗಳು ಎಷ್ಟಿವೆ ಅಂದರೆ ಅದನ್ನೇ ನೋಡುತ್ತಾ ಕೂತು ಕೆಲಸ ಕೆಡಿಸಿಕೊಳ್ಳಬಹುದು. ನಾನು ಎರಡೇ ಬಳಸುತ್ತೇನೆ.

ನನಗೆ ಸಮಯ ಇದೆ, ದುಡ್ಡು ಕಡಿಮೆ. ರಾತ್ರಿ ಊಟದ ಮೇಲೆ ಸುಮ್ನೆ ಗೀಚುವ ಅಭ್ಯಾಸವೂ ಇದೆ. ಹಾಗಾಗಿ ಚಂದಾ ನಿಲ್ಲಿಸಿ, ಪರದೆ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಕೊಂಡೆ. ನಿಮ್ಮದು ಉಲ್ಟಾ ಆಗಿದ್ದರೆ, ಅಂದರೆ ದುಡ್ಡಿದ್ದು ಸಮಯ ಇಲ್ಲದಿದ್ದರೆ, ಎಐ ಬದಲು ಒಬ್ಬ ಕಲಾವಿದರಿಗೆ ಕೆಲಸ ಕೊಡಿ. ಲೇಯರ್ ಇರುವ, ಅಂದರೆ ಗೆರೆ, ಬಣ್ಣ ಬೇರೆ ಬೇರೆ ಪದರಗಳಲ್ಲಿ ಉಳಿದಿರುವ ಮೂಲ ಫೈಲ್ ಮತ್ತು ಬಳಕೆಯ ಹಕ್ಕು ಎರಡನ್ನೂ ಮುಂಗಡ ಕೊಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.