ಗದ್ದದ ಮೊಡವೆಗೆ ಅಡಾಪಲೀನೋ, ಅಜೆಲಾಯಿಕ್ ಆಸಿಡ್ಡೋ?

ಮುಟ್ಟು ಹತ್ತಿರ ಬಂದಾಗಲೆಲ್ಲ ಗದ್ದ, ದವಡೆಯ ಸುತ್ತ ಗಟ್ಟಿ ಮೊಡವೆ ಏಳುತ್ತದೆಯೇ? ಹಾರ್ಮೋನಿನದ್ದೇ ಇರಬಹುದು. ನಮ್ಮ ಕಂದು ಚರ್ಮಕ್ಕೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆಯೇ ದೊಡ್ಡ ತಲೆನೋವು, ಅಲ್ವಾ?

ಶೇ. 0.1ರ ಅಡಾಪಲೀನ್ ಜೆಲ್ ಕಟ್ಟಿಕೊಂಡ ರಂಧ್ರಗಳನ್ನು ಬಿಡಿಸುತ್ತದೆ. ಮೊಡವೆ ಜಾಸ್ತಿ ಇದ್ದರೆ ಇದೇ ವಾಸಿ. ಆದರೆ ಮೊದಮೊದಲು ಚರ್ಮ ಒಣಗಿ ಉರಿಯುತ್ತದೆ. ಉರಿದ ಜಾಗ ಮತ್ತೆ ಕಪ್ಪಾಗಬಹುದು. ಅದಕ್ಕೇ ಬಟಾಣಿ ಕಾಳಿನಷ್ಟು, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿ ಶುರು ಮಾಡಿ. ಗರ್ಭಿಣಿಯರಿಗೆ ಬೇಡ.

ಶೇ. 10ರಿಂದ 20ರ ಅಜೆಲಾಯಿಕ್ ಆಸಿಡ್ ಕ್ರೀಮ್ ಕೆಲಸ ಮಾಡುವುದು ನಿಧಾನ. ಹಚ್ಚಿದ ಕೂಡಲೇ ಸ್ವಲ್ಪ ಚುರುಗುಟ್ಟುತ್ತದೆ. ಆದರೆ ಮೊಡವೆಯ ಜೊತೆ ಕಲೆಯನ್ನೂ ತಿಳಿಯಾಗಿಸುತ್ತದೆ. ಗರ್ಭಿಣಿಯರಿಗೂ ವೈದ್ಯರು ಬರೆದುಕೊಡುವುದುಂಟು. ಕಲೆಯೇ ಚಿಂತೆಯಾದರೆ ನನ್ನ ಓಟು ಇದಕ್ಕೆ. ಯಾವುದನ್ನೇ ಹಚ್ಚಿ, ಮೂರು ತಿಂಗಳು ಕಾಯಬೇಕು.

ಆಗುಂಬೆಯ ಮಳೆಯಲ್ಲಿ ಬಿಸಿಲೆಲ್ಲಿ ಅನ್ನಬೇಡಿ. ಮೋಡದಿಂದಲೂ ನೇರಳಾತೀತ ಕಿರಣ ಇಳಿಯುತ್ತದೆ, ಸನ್‌ಸ್ಕ್ರೀನ್ ಬೇಕೇ ಬೇಕು. ಶಿವಮೊಗ್ಗದ ಬೇಸಿಗೆಯ ಬೆವರಿಗೆ ಜೆಲ್ ಥರದ್ದು ಹಿತ. ಯಾರೋ ಹೇಳಿದರೆಂದು ಸ್ಟಿರಾಯ್ಡ್ ಕ್ರೀಮ್ ಮಾತ್ರ ಸುಮ್ನೆ ಹಚ್ಚಬೇಡಿ, ಅದರಿಂದಲೇ ಮೊಡವೆ ಏಳುತ್ತದೆ.

ಮುಟ್ಟು ಏರುಪೇರಾಗಿ, ಗದ್ದದಲ್ಲಿ ಕೂದಲೂ ಬರುತ್ತಿದ್ದರೆ ಇವೆರಡೂ ಸಾಲದು. ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು) ಇದೆಯೇ ಎಂದು ಡಾಕ್ಟರ ಹತ್ತಿರ ತೋರಿಸಿ.